ಮೂಸಿಯ ಜಲಾನಯನದಿಂದ ಹೊರವರ್ತುಲ ರಸ್ತೆಗೆ: ಹೈದರಾಬಾದಿನ ನಗರ ಯೋಜನೆಯ ಚರಿತ್ರೆ

ಹೈದರಾಬಾದಿನ ಬೆಳವಣಿಗೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಘಟ್ಟಗಳಿಗೆ ಒತ್ತು ಕೊಡುತ್ತಾರೆ. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಶಾಹನು ಚಾರ್‌ಮಿನಾರನ್ನು ನಡುವಿಗಿಟ್ಟುಕೊಂಡು ಹೊಸ ರಾಜಧಾನಿಯನ್ನು ಕಟ್ಟಿಸಿದ್ದು ಮೊದಲನೆಯದು. 1998ರಲ್ಲಿ ಮಾಧಾಪುರದ ಬಂಡೆಗಳ ನಡುವೆ ಸೈಬರ್ ಟವರ್ಸ್ ಕಟ್ಟಡ ಎದ್ದು, ಹೈಟೆಕ್ ಸಿಟಿ ಎಂಬ ಹೊಸ ಬಡಾವಣೆ ಹುಟ್ಟಿಕೊಂಡದ್ದು ಎರಡನೆಯದು. ಆದರೆ ನಗರ ಎಲ್ಲಿ ಬೆಳೆಯಬೇಕು, ಕುಡಿಯುವ ನೀರು ಎಲ್ಲಿಂದ ಬರಬೇಕು, ಮಳೆಯ ನೀರು ಎಲ್ಲಿಗೆ ಹೋಗಬೇಕು, ರಸ್ತೆ ಅಗಲಿಸುವಾಗ ಮನೆ ಕಳೆದುಕೊಂಡವರು ಎಲ್ಲಿ ನೆಲೆಸಬೇಕು ಎಂಬ ಪ್ರಶ್ನೆಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು ಉತ್ತರ ಹುಡುಕಿದ ಕಾಲ ಇವೆರಡರ ನಡುವೆ, 1908ರಿಂದ 1940ರ ದಶಕದವರೆಗಿನ ವರ್ಷಗಳಲ್ಲಿ, ಬರುತ್ತದೆ. ಆ ಕೆಲಸಕ್ಕೆ ಬುನಾದಿ ಹಾಕಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿಯೇ ಆದರೂ, ಆ ಬುನಾದಿಯ ಸ್ವರೂಪವೇನು, ಅದರ ಮೇಲೆ ಮುಂದಿನವರು ಏಕೆ ಕಟ್ಟಲಿಲ್ಲ ಎಂಬುದರ ಕಡೆ ಗಮನ ಹರಿದದ್ದು ಕಡಿಮೆ. 1909ರಲ್ಲಿ ಹೈದರಾಬಾದಿನ ಯೋಜನೆಗೆ ಅಳತೆಗೋಲಾಗಿದ್ದುದು ಮೂಸಿ ನದಿಯ ಜಲಾನಯನ, ಅಂದರೆ ಮಳೆಯ ನೀರು ಹಳ್ಳ, ಕಾಲುವೆ, ಕೆರೆಗಳ ಮೂಲಕ ಆ ನದಿಗೆ ಬಂದು ಸೇರುವ ಇಡೀ ಸೀಮೆ. 1975ರ ನಂತರ ಆ ಸ್ಥಾನಕ್ಕೆ ನಗರಾಭಿವೃದ್ಧಿ ಪ್ರಾಧಿಕಾರದ ಗಡಿ ಬಂತು. 2000ದ ನಂತರ ರಸ್ತೆಯ ವರ್ತುಲ ಬಂತು. ನಗರ ಇಂದು ಪಡುತ್ತಿರುವ ನೀರಿನ ಸಂಕಟಗಳಲ್ಲಿ ಬಹುಪಾಲು ಈ ಬದಲಾವಣೆಯ ಫಲ ಎಂಬುದು ಈ ಲೇಖನದ ನಿಲುವು.

ಕುತುಬ್ ಶಾಹಿ ಕಾಲದ ನಗರ ಒಂದು ಯೋಜಿತ ನಗರವೇ ಆಗಿತ್ತು. ಗೋಲ್ಕೊಂಡ ಕೋಟೆಯ ಒಳಗೆ ಜನ ಹೆಚ್ಚಿ, ಜಾಗ ಸಾಲದೆ ಹೋದಾಗ, ಅರಸನ ಪೇಶ್ವಾ ಆಗಿದ್ದ ಮೀರ್ ಮೊಮಿನ್ ಅಸ್ತರಾಬಾದಿಯು ಮೂಸಿಯ ದಕ್ಷಿಣ ದಂಡೆಯ ಮೇಲೆ ಎರಡು ಹೆದ್ದಾರಿಗಳು ಒಂದನ್ನೊಂದು ಕತ್ತರಿಸುವ ಚೌಕದಲ್ಲಿ ಚಾರ್‌ಮಿನಾರನ್ನಿರಿಸಿ, ಊರನ್ನು ನಾಲ್ಕು ಭಾಗಗಳಾಗಿ ಹಂಚಿದನೆಂದು ಚರಿತ್ರೆ ಹೇಳುತ್ತದೆ. ಅದಕ್ಕೂ ಮೊದಲೇ, ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, ಹುಸೇನ್ ಸಾಗರ ಕೆರೆಯೂ 1578ರ ಪುರಾನಾ ಪುಲ್ ಸೇತುವೆಯೂ ಸಿದ್ಧವಾಗಿದ್ದವು. ಕೆರೆ ಮೊದಲು, ಸೇತುವೆ ಆಮೇಲೆ, ಊರು ಕೊನೆಗೆ ಎಂಬ ಈ ಅನುಕ್ರಮವನ್ನು ಇಂದಿನ ಯೋಜಕರು ಗಮನಿಸಬೇಕು. ಮುಂದೆ ಅಸಫ್ ಜಾಹಿ ಮನೆತನದ ಆಳ್ವಿಕೆಯಲ್ಲಿ ನಗರ ನದಿ ದಾಟಿ ಉತ್ತರಕ್ಕೆ ಹರಡಿತು. 1798ರ ಸಹಾಯಕ ಸೈನ್ಯ ಒಪ್ಪಂದದ ನಂತರ ಬ್ರಿಟಿಷ್ ಪಡೆ ಹುಸೇನ್ ಸಾಗರದ ಆಚೆ ಬೀಡುಬಿಟ್ಟಿತು. ಆ ಬೀಡು 1806ರಲ್ಲಿ ನಿಜಾಮ ಸಿಕಂದರ್ ಜಾಹನ ಹೆಸರಿನಿಂದ ಸಿಕಂದರಾಬಾದ್ ಆಯಿತು. ಕೋಠಿಯಲ್ಲಿ ಬ್ರಿಟಿಷ್ ರೆಸಿಡೆಂಟರ ಅರಮನೆಯೂ ಅದರ ಸುತ್ತ ರೆಸಿಡೆನ್ಸಿ ಬಜಾರುಗಳೂ ಬೆಳೆದವು. 1874ರಲ್ಲಿ ಇಂದಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ನಗರದ ವಾಲಿಕೆ ಉತ್ತರದ ಕಡೆಗೇ ನಿಂತಿತು.

ಹೀಗೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಒಂದೇ ಊರಿನಂತೆ ಕಾಣುತ್ತಿದ್ದ ಪ್ರದೇಶದಲ್ಲಿ ಹಲವು ಆಡಳಿತಗಳು ಅಕ್ಕಪಕ್ಕ ಇದ್ದವು. ಗೋಡೆಯೊಳಗಿನ ನಗರ ಕೋತವಾಲನ, ಅಂದರೆ ಪೊಲೀಸ್ ಮುಖ್ಯಸ್ಥನ, ಕೈಯಲ್ಲಿತ್ತು, ರೆಸಿಡೆನ್ಸಿ ಬಜಾರುಗಳು ರೆಸಿಡೆಂಟರ ಅಧೀನದಲ್ಲಿದ್ದವು, ಸಿಕಂದರಾಬಾದ್ ದಂಡುಪ್ರದೇಶವಾಗಿತ್ತು. ದಿವಾನ ಒಂದನೆಯ ಸಾಲಾರ್ ಜಂಗನು 1869ರಲ್ಲಿ ಮುನಿಸಿಪಾಲಿಟಿಯನ್ನು ಆರಂಭಿಸಿದನಾದರೂ, ಉತ್ತರ ದಂಡೆಯ ಚಾದರಘಾಟ್ ಮುಂದೆ ಬೇರೆ ಮುನಿಸಿಪಾಲಿಟಿಯಾಗಿ ಒಡೆಯಿತು. 1933ರಲ್ಲಿ ಅದು ಮತ್ತೆ ಹೈದರಾಬಾದಿನೊಡನೆ ಕೂಡಿತು. ಸಿಕಂದರಾಬಾದಿನ ಪೌರಾಡಳಿತ ಕೂಡಿದ್ದು 1960ರಲ್ಲಿ. ಒಡೆಯುವುದು, ಕೂಡುವುದು, ಮತ್ತೆ ಒಡೆಯುವುದು ಈ ನಗರದ ಆಡಳಿತದ ಹಳೆಯ ಜಾಡು.

ಈ ಚೂರುಚೂರಾದ ಆಡಳಿತವನ್ನು ಒಂದು ಯೋಜನೆಯ ಕೆಳಗೆ ತಂದದ್ದು ಒಂದು ದುರಂತ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರದ ಎರಡೂ ದಂಡೆಗಳನ್ನು ನುಂಗಿತು. ಸತ್ತವರ ಸಂಖ್ಯೆ 10ರಿಂದ 15 ಸಾವಿರ ಎಂದು ಅಂದಾಜು; 1901ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4.48 ಲಕ್ಷವಿತ್ತೆಂಬುದನ್ನು ನೆನೆದರೆ ಆ ಸಾವಿನ ಪ್ರಮಾಣ ಅರ್ಥವಾಗುತ್ತದೆ. ಅಫ್ಜಲ್‌ಗಂಜ್‌ನ ಆಸ್ಪತ್ರೆ ಕುಸಿಯಿತು. ದಂಡೆಗೆ ಅಂಟಿಕೊಂಡಿದ್ದ ಕೋಲ್ಸಾವಾಡಿಯಂಥ ಬಡವರ ಕೇರಿಗಳು ಹೇಳಹೆಸರಿಲ್ಲದಂತೆ ಕೊಚ್ಚಿಹೋದವು. ಹೊಸ ಕಾಲದ ಸೇತುವೆಗಳು ಮುರಿದುಬಿದ್ದು, ಕುತುಬ್ ಶಾಹಿ ಕಾಲದ ಪುರಾನಾ ಪುಲ್ ಮಾತ್ರ ಉಳಿಯಿತು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಒಂದು ಹುಣಸೆಮರವನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರೆಂಬುದು ನಗರದಲ್ಲಿ ಇಂದಿಗೂ ಜನಜನಿತವಾಗಿರುವ ಮಾತು.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ಪರಿಹಾರ ಕಾರ್ಯದಲ್ಲಿಯೇ ನಿಲ್ಲದೆ, ಇಂಥ ಪ್ರವಾಹ ಮತ್ತೆ ಬರದಂತೆ ಮಾಡುವ ಬಗೆಯನ್ನು ಕೇಳಿತು. ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಆಹ್ವಾನ ಹೋಯಿತು. ಅವರು 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದು, ಅದೇ ವರ್ಷದ ಅಕ್ಟೋಬರಿನಲ್ಲಿ ವರದಿ ಒಪ್ಪಿಸಿ, ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟುಹೋದರು. ಆರೇಳು ತಿಂಗಳ ಆ ಕೆಲಸದಲ್ಲಿ ಅವರು ಮಾಡಿದ ಅತ್ಯಂತ ಮಹತ್ವದ ಕೆಲಸವೆಂದರೆ ನಗರದಿಂದ ಹೊರಗೆ ನೋಡಿದ್ದು. ಮೂಸಿಯು ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟದಲ್ಲಿ ಹುಟ್ಟಿ, ನಗರಕ್ಕೆ ತುಸು ಮೇಲೆ ಈಸಿ ಎಂಬ ಉಪನದಿಯನ್ನು ಕೂಡಿಸಿಕೊಂಡು ಬರುತ್ತದೆ. ಆ ಜಲಾನಯನದಲ್ಲಿ 788 ಕೆರೆಗಳಿದ್ದವೆಂದೂ, ಅವುಗಳಲ್ಲಿ 221 ಕೆರೆಗಳು ಆ ಮಳೆಯಲ್ಲಿ ಒಡೆದವೆಂದೂ ಅವರು ಲೆಕ್ಕ ಹಾಕಿದರು. ನಗರದ ಬಳಿ ನದಿಯ ಗರಿಷ್ಠ ಹರಿವು ಸುಮಾರು 4.25 ಲಕ್ಷ ಕ್ಯೂಸೆಕ್ ಇತ್ತೆಂದು, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು ಹರಿಯಿತೆಂದು, ಅಂದಾಜಿಸಿದರು.

ಈ ಕೆರೆಗಳ ಲೆಕ್ಕದ ಹಿಂದಿರುವ ತರ್ಕವನ್ನು ದಖ್ಖನ್ನಿನ ಯಾವ ರೈತನಾದರೂ ಬಲ್ಲ. ಇಲ್ಲಿನ ಕೆರೆಗಳು ಒಂಟಿಯಾಗಿರುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ ಹೋಗುತ್ತದೆ. ಸಾಧಾರಣ ಮಳೆಯಲ್ಲಿ ಈ ಸರಣಿ ನೀರನ್ನು ತಡೆತಡೆದು ಬಿಡುತ್ತದೆ. ಮಿತಿ ಮೀರಿದ ಮಳೆಯಲ್ಲಿ ಮೇಲಿನ ಏರಿಯೊಂದು ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಏರಿಗೆ ಅಪ್ಪಳಿಸಿ, ಒಂದರ ಹಿಂದೊಂದು ಕೆರೆ ಒಡೆದು, ಮಳೆಗಿಂತ ದೊಡ್ಡ ಪ್ರವಾಹ ಹುಟ್ಟುತ್ತದೆ. ಆದ್ದರಿಂದ ನಗರದೊಳಗೆ ಗೋಡೆ ಕಟ್ಟಿ ನದಿಯನ್ನು ಹಿಡಿದಿಡುವುದರಿಂದ ಪ್ರಯೋಜನವಿಲ್ಲವೆಂದು ಕಂಡ ವಿಶ್ವೇಶ್ವರಯ್ಯನವರು, ನಗರಕ್ಕೆ ಕೆಲವೇ ಮೈಲಿ ಮೇಲೆ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲಿ ತಂಗಿಸಬೇಕೆಂದರು. ನಗರದೊಳಗಿನ ದಂಡೆಗಳನ್ನು ಎತ್ತರಿಸಿ ಅವುಗಳ ಉದ್ದಕ್ಕೂ ಉದ್ಯಾನ ಮತ್ತು ಸಾಲುಮರದ ರಸ್ತೆಗಳನ್ನು ಮಾಡಬೇಕೆಂದೂ, ನಗರಕ್ಕೆ ಒಳಚರಂಡಿ ಬೇಕೆಂದೂ ಸೂಚಿಸಿದರು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಊರವರು ಗಂಡಿಪೇಟೆ ಎಂದು ಕರೆಯುವ ಮೊದಲನೆಯ ಜಲಾಶಯದಿಂದ ನೀರು ಯಾವ ಪಂಪಿನ ನೆರವೂ ಇಲ್ಲದೆ, ಇಳಿಜಾರನ್ನೇ ನೆಚ್ಚಿ ಕಟ್ಟಿದ ಕಾಲುವೆಯಲ್ಲಿ ಆಸಿಫ್ ನಗರದ ಶೋಧನಾಗಾರಕ್ಕೆ ಹರಿದುಬರುತ್ತಿತ್ತು. ಪ್ರವಾಹ ತಡೆಯಲು ಕಟ್ಟಿದ ಜಲಾಶಯವೇ ಕುಡಿಯುವ ನೀರಿಗೂ ಒದಗಿತು. ಈ ಎರಡು ಪ್ರಯೋಜನಗಳಲ್ಲಿ ಯಾವುದು ಮೊದಲನೆಯದು ಎಂಬುದು ನೂರು ವರ್ಷಗಳ ಬಳಿಕ ದೊಡ್ಡ ವಿವಾದದ ತಿರುಳಾಯಿತು.

ವರದಿಯನ್ನು ನೆಲದ ಮೇಲಿಳಿಸಲು ಸಂಸ್ಥೆಯೊಂದು ಬೇಕಿತ್ತು. 1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1912ರಲ್ಲಿ ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿದರು. ಮುಂದೆ ಅವರ ಎರಡನೆಯ ಮಗ ಮೊಅಜ್ಜಂ ಜಾಹ ಅದರ ಅಧ್ಯಕ್ಷರಾದರು. ಭಾರತದಲ್ಲಿ ಈ ಬಗೆಯ ಸಂಸ್ಥೆ ಹೊಸದಾಗಿರಲಿಲ್ಲ: ಪ್ಲೇಗಿನ ನಂತರ 1898ರಲ್ಲಿ ಮುಂಬಯಿಯಲ್ಲಿಯೂ, 1903ರಲ್ಲಿ ಮೈಸೂರಿನಲ್ಲಿಯೂ ಇಂಥವು ಹುಟ್ಟಿದ್ದವು. ಹೈದರಾಬಾದಿನ ಮಂಡಳಿಯ ವಿಶೇಷವೆಂದರೆ ಅದು ಪ್ಲೇಗು ಮತ್ತು ಪ್ರವಾಹ ಎರಡನ್ನೂ ಒಟ್ಟಿಗೆ ಎದುರಿಸಬೇಕಾಗಿತ್ತು. ಪ್ಲೇಗು, 1918ರ ಇನ್‌ಫ್ಲುಯೆಂಜಾ ಮೊದಲಾದವುಗಳಿಂದ ನಗರದ ಜನಸಂಖ್ಯೆ 1921ರಲ್ಲಿ 4.04 ಲಕ್ಷಕ್ಕೆ ಕುಸಿಯಿತು. ಜನ ಕಡಿಮೆಯಾಗುತ್ತಿದ್ದ ದಶಕದಲ್ಲಿ ಈ ಮಂಡಳಿ ಮುಂದೆ ಬರಲಿರುವ ಜನಕ್ಕಾಗಿ ಕೆಲಸ ಮಾಡಿತೆಂಬುದು ಗಮನಾರ್ಹ.

ಮಂಡಳಿಯ ಕೆಲಸವನ್ನು ಇಂದಿಗೂ ನಡೆದುಕೊಂಡೇ ನೋಡಬಹುದು. ನದಿ ದಾಟಿ ಚಾರ್‌ಮಿನಾರಿಗೆ ಹೋಗುವ ದಾರಿಯಲ್ಲಿ ಮದೀನಾ ಕಟ್ಟಡದ ಬಳಿಯಿಂದ ಆರಂಭವಾಗುವ ಪತ್ತರ್‌ಗಟ್ಟಿಯಲ್ಲಿ ಇಕ್ಕಟ್ಟಾದ ಬೀದಿಯನ್ನು ಅಗಲಿಸಿ, ಎರಡೂ ಬದಿಗೆ ಕಗ್ಗಲ್ಲಿನ ಕಮಾನುಗಳ ಸಾಲು ನಿಲ್ಲಿಸಿ, ಕೆಳಗೆ ಅಂಗಡಿ ಮೇಲೆ ವಾಸದ ಮನೆ ಎಂಬಂತೆ ಕಟ್ಟಲಾಯಿತು. ಕಮಾನಿನ ಕೆಳಗಿನ ನೆರಳು ನಡೆಯುವವರಿಗೆ ಮೀಸಲಾಯಿತು. ಅಲ್ಲಿ ಈಗಲೂ ಬಟ್ಟೆ, ಮುತ್ತು, ಅತ್ತರಿನ ವ್ಯಾಪಾರ ನಡೆಯುತ್ತಿದೆ. ಉತ್ತರ ದಂಡೆಯ ಆಚೆ 1935ರ ಮೊಅಜ್ಜಂ ಜಾಹಿ ಮಾರುಕಟ್ಟೆ ಗಡಿಯಾರ ಗೋಪುರದೊಡನೆ ನಿಂತಿತು. ಪ್ರವಾಹ ನುಗ್ಗಿದ್ದ ದಂಡೆಗಳ ಮೇಲೆ, ದಕ್ಷಿಣಕ್ಕೆ ಹೈಕೋರ್ಟು ಮತ್ತು ಸಿಟಿ ಕಾಲೇಜು, ಉತ್ತರಕ್ಕೆ ಉಸ್ಮಾನಿಯಾ ಆಸ್ಪತ್ರೆ ಮತ್ತು ರಾಜ್ಯ ಗ್ರಂಥಾಲಯ ಎದ್ದವು. ನದಿಯ ಅಂಚನ್ನು ಖಾಸಗಿಯವರ ಕೈಗೆ ಬಿಡದೆ ಸಾರ್ವಜನಿಕ ಕಟ್ಟಡಗಳಿಗೂ ಉದ್ಯಾನಗಳಿಗೂ ಮೀಸಲಿಟ್ಟದ್ದರಲ್ಲಿ ಒಂದು ದೂರದೃಷ್ಟಿ ಇತ್ತು: ಅಂಥ ಜಾಗದಲ್ಲಿ ನದಿ ಉಕ್ಕಿದರೂ ಮಲಗಿದ್ದವರ ಮನೆಗಳು ಕೊಚ್ಚಿಹೋಗುವುದಿಲ್ಲ. ನಾಂಪಲ್ಲಿ, ಮಲ್ಲೇಪಲ್ಲಿ, ಆಗಾಪುರ ಮುಂತಾದೆಡೆ ಕೊಳೆಗೇರಿಗಳನ್ನು ತೆರವು ಮಾಡಿ, ಗಾಳಿ ಬೆಳಕು ಬರುವಂತೆ ಅಂಗಳವಿಟ್ಟು ಕಟ್ಟಿದ ಸಾಲುಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡಲಾಯಿತು. 1931ರ ಹೊತ್ತಿಗೆ ಸುಮಾರು 54 ಚದರ ಕಿಲೋಮೀಟರ್ ಪ್ರದೇಶದ 4.68 ಲಕ್ಷ ಜನಕ್ಕೆ ಸಾಲುವಂತೆ ಒಳಚರಂಡಿ ಹಾಕಲಾಯಿತು. ಹಳೆಯ ನಗರದ ಅನೇಕ ಬೀದಿಗಳ ಕೆಳಗೆ ಇರುವುದು ಆ ವ್ಯವಸ್ಥೆಯೇ.

ಈ ಕೆಲಸಗಳಿಗೆ ಹಣ ಬಂದದ್ದು ಸಂಸ್ಥಾನದ ಬೊಕ್ಕಸದಿಂದ. ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳು 1956ರವರೆಗೆ ಹೈದರಾಬಾದಿಗೆ ಸೇರಿದ್ದವಾದ್ದರಿಂದ, ಕನ್ನಡ ರೈತರು ಕಟ್ಟಿದ ಕಂದಾಯದ ಪಾಲೂ ಪತ್ತರ್‌ಗಟ್ಟಿಯ ಕಮಾನುಗಳಲ್ಲಿ, ಗಂಡಿಪೇಟೆಯ ಒಡ್ಡಿನಲ್ಲಿ ಇದೆ. ಆ ಜಿಲ್ಲೆಗಳಿಂದ ಓದಿಗೂ ವಕೀಲಿಗೂ ನೌಕರಿಗೂ ರಾಜಧಾನಿಗೆ ಬಂದ ಕನ್ನಡಿಗರ ನೆನಪನ್ನು ಕಾಚಿಗುಡದ ನೃಪತುಂಗ ಶಾಲೆ ಮತ್ತು ಕರ್ನಾಟಕ ಸಾಹಿತ್ಯ ಮಂದಿರ ಇಂದಿಗೂ ಉಳಿಸಿಕೊಂಡಿವೆ. ಜಿಲ್ಲೆಗಳನ್ನು ಬಡತನದಲ್ಲಿಟ್ಟು ರಾಜಧಾನಿಯನ್ನು ಸಿಂಗರಿಸಿದರೆಂಬ ದೂರಿನಲ್ಲಿ ನ್ಯಾಯವಿದೆ. ಮಂಡಳಿಗೆ ಚುನಾಯಿತ ಸದಸ್ಯರ ಅಂಕುಶವಿರಲಿಲ್ಲ. ಅದರ ಬಲವೆಲ್ಲ ನಿಜಾಮರ ಫರ್ಮಾನಿನ ಬಲ. ಗೋಡೆಯೊಳಗಿನ ಹಳೆಯ ನಗರದ ಒಳಬೀದಿಗಳಿಗೆ ಅದರ ಕೈ ಚಾಚಿದ್ದು ಕಡಿಮೆ. ಉಳ್ಳವರು ಸೋಮಾಜಿಗುಡ, ಬಂಜಾರಾ ಹಿಲ್ಸ್‌ಗಳ ಕಡೆ ಸರಿದ ಹಾಗೆ ಹಳೆಯ ನಗರ ಹಿಂದೆ ಬಿತ್ತು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ನಿಲ್ಲುತ್ತದೆ: ನೆಲ, ನೀರು, ಚರಂಡಿ, ರಸ್ತೆ ಮತ್ತು ಬಡವರ ಮನೆ ಒಂದೇ ಯೋಜನೆಯ ಅಂಗಗಳಾಗಿ ನಡೆದ ಕಾಲ ಈ ನಗರದಲ್ಲಿ ಅದೊಂದೇ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ಆ ಜೋಡಣೆ ಕಳಚುತ್ತ ಬಂತು. 1949ರಲ್ಲಿ ಜಾಗೀರುಗಳು ರದ್ದಾದವು. ನಿಜಾಮರ ಸ್ವಂತ ಆಸ್ತಿಯಾಗಿದ್ದ ಸರ್ಫ್-ಎ-ಖಾಸ್ ಜಮೀನುಗಳು ಸರ್ಕಾರಕ್ಕೆ ಸೇರಿದವು. ನಗರದ ಸುತ್ತಲಿನ ಅಪಾರ ಭೂಮಿಯ ಒಡೆತನ ಕಾಗದದ ಮೇಲೆ ಒಂದು, ನೆಲದ ಮೇಲೆ ಇನ್ನೊಂದು ಎಂಬಂತಾಗಿ ನ್ಯಾಯಾಲಯಗಳಿಗೆ ಹೋಯಿತು. 1956ರ ಗೃಹಮಂಡಳಿ ಕಾಯಿದೆಯೊಡನೆ ಸುಧಾರಣಾ ಮಂಡಳಿಯ ಕೆಲಸ ಮನೆ ಕಟ್ಟಿಕೊಡುವ ಸಂಸ್ಥೆಗೆ ಇಳಿಯಿತು. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದ್ ಆಂಧ್ರಪ್ರದೇಶದ ರಾಜಧಾನಿಯಾಯಿತು. ಬಿಎಚ್‌ಇಎಲ್, ಐಡಿಪಿಎಲ್, ಇಸಿಐಎಲ್ ಮೊದಲಾದ ಸಾರ್ವಜನಿಕ ಕಾರ್ಖಾನೆಗಳು ಮುನಿಸಿಪಲ್ ಗಡಿಯ ಆಚೆ ನೆಲೆಗೊಂಡು, ತಮ್ಮ ಸುತ್ತ ಊರುಗಳನ್ನು ಬೆಳೆಸಿದವು.

1975ರಲ್ಲಿ ರಾಜ್ಯದ ನಗರಾಭಿವೃದ್ಧಿ ಕಾಯಿದೆಯಡಿ ಹೈದರಾಬಾದ್ ನಗರಾಭಿವೃದ್ಧಿ ಪ್ರಾಧಿಕಾರ, ಹುಡಾ, ಸ್ಥಾಪನೆಯಾಯಿತು. ಬೆಂಗಳೂರಿನ ಬಿಡಿಎ ಹುಟ್ಟಿದ್ದು ಮರುವರ್ಷ. ನಗರದ ಆಚೆಗಿನ ಹಳ್ಳಿಗಳನ್ನೂ ಸೇರಿಸಿಕೊಂಡ ವಿಶಾಲ ಪ್ರದೇಶದಲ್ಲಿ ಬಡಾವಣೆಗಳಿಗೆ ಮಂಜೂರಾತಿ ಕೊಡುವ ಅಧಿಕಾರ ಹುಡಾಕ್ಕೆ ಬಂತು. ಆದರೆ ಆ ಬಡಾವಣೆಗಳಿಗೆ ನೀರು ಕೊಡುವುದು, ಚರಂಡಿ ಹಾಕುವುದು, ಕೆರೆ ಕಾಯುವುದು ಅದರ ಕೆಲಸವಾಗಿರಲಿಲ್ಲ. ಕುಡಿಯುವ ನೀರು ಮತ್ತು ಒಳಚರಂಡಿಗೆ 1989ರಲ್ಲಿ ಪ್ರತ್ಯೇಕ ಮಂಡಳಿ ಬಂತು. ಮಳೆನೀರಿನ ನಾಲೆಗಳು ಮುನಿಸಿಪಾಲಿಟಿಗಳಲ್ಲಿ ಉಳಿದವು. ಕೆರೆಗಳು ನೀರಾವರಿ ಮತ್ತು ಕಂದಾಯ ಇಲಾಖೆಗಳ ನಡುವೆ ಹಂಚಿಹೋದವು. ಪ್ರಾಧಿಕಾರದ ವರಮಾನವು ನಿವೇಶನ ಮಾರಾಟ ಮತ್ತು ಮಂಜೂರಾತಿ ಶುಲ್ಕಗಳನ್ನು ನೆಚ್ಚಿಕೊಂಡಿದ್ದರಿಂದ, ನೆಲವನ್ನು ಖಾಲಿ ಬಿಡುವುದರಲ್ಲಿ ಅದಕ್ಕೆ ಲಾಭವೇನೂ ಇರಲಿಲ್ಲ.

ಕೆರೆಗಳು ಹೇಗೆ ಮಾಯವಾದವೆಂಬುದನ್ನು ತಿಳಿಯಲು ಶಿಖಂ ಎಂಬ ಒಂದು ಕಂದಾಯದ ಪದ್ಧತಿಯನ್ನು ನೋಡಬೇಕು. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಅಂಗಳದಲ್ಲಿ ಬೆಳೆ ತೆಗೆಯಲು ರೈತರಿಗೆ ಹಕ್ಕಿರುತ್ತಿತ್ತು. ಅಂಥ ನೆಲವನ್ನು ದಾಖಲೆಗಳಲ್ಲಿ ಶಿಖಂ ಎಂದು ಬರೆಯುತ್ತಿದ್ದರು, ಕೆಲವೆಡೆ ಅದಕ್ಕೆ ಪಟ್ಟಾ ಕೂಡ ಇತ್ತು. ಆ ಹಕ್ಕು ಬೇಸಾಯಕ್ಕೆ ಸೀಮಿತವಾದದ್ದು. ಮಳೆ ಬಂದು ಕೆರೆ ತುಂಬಿದರೆ ನೆಲ ಮತ್ತೆ ಕೆರೆಯದೇ. ನಗರ ಹತ್ತಿರ ಬಂದಂತೆ ಮೇಲಿನ ನಾಲೆಗಳು ಕಟ್ಟಡಗಳ ಕೆಳಗೆ ಮುಚ್ಚಿಹೋಗಿ, ಕೆರೆಗೆ ನೀರು ಬರುವುದು ನಿಂತು, ಅಂಗಳ ವರ್ಷವಿಡೀ ಒಣಗಿರತೊಡಗಿತು. ಪಟ್ಟಾ ಹಿಡಿದವರು ಅದನ್ನು ಸಣ್ಣ ಸಣ್ಣ ನಿವೇಶನಗಳಾಗಿ ತುಂಡರಿಸಿ ಮಾರಿದರು. ನೋಂದಣಿಯಿಲ್ಲದೆ ಬಿಳಿ ಕಾಗದದ ಮೇಲೆ ಬರೆದುಕೊಡುವ ಸಾದಾ ಬೈನಾಮಾಗಳೂ ನೋಟರಿ ಕಾಗದಗಳೂ ನಗರದಂಚಿನ ವ್ಯವಹಾರಗಳಲ್ಲಿ ಸಾಮಾನ್ಯವಾದವು. 1976ರ ನಗರ ಭೂಮಿತಿ ಕಾಯಿದೆಯು ಹೈದರಾಬಾದಿನಲ್ಲಿ ಒಬ್ಬರಿಗೆ 1,000 ಚದರ ಮೀಟರಿಗಿಂತ ಹೆಚ್ಚು ಖಾಲಿ ನೆಲವಿರಬಾರದೆಂದದ್ದು, ದೊಡ್ಡ ಹಿಡುವಳಿಗಳನ್ನು ಗುಟ್ಟಾಗಿ ತುಂಡು ಮಾಡುವ ಆತುರವನ್ನು ಹೆಚ್ಚಿಸಿತು. ಕೊಂಡವರಲ್ಲಿ ಬಹುಮಂದಿ ಕೂಲಿಕಾರರು, ಸಣ್ಣ ನೌಕರರು. ಕೆರೆಯಲ್ಲಿ ಮನೆ ಕಟ್ಟುತ್ತಿದ್ದೇವೆಂಬ ಅರಿವೂ ಅವರಲ್ಲಿ ಅನೇಕರಿಗೆ ಇರಲಿಲ್ಲ. ಕಟ್ಟಿಯಾದ ಮೇಲೆ ಸರ್ಕಾರವು 2007ರಲ್ಲಿ, 2015ರಲ್ಲಿ, 2020ರಲ್ಲಿ ಅಕ್ರಮ ಬಡಾವಣೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಗಳನ್ನು ಹೊರಡಿಸಿತು. ನಿಯಮದಂತೆ ಕಟ್ಟಿದವರಿಗೆ ಇದರಲ್ಲಿ ಸಿಕ್ಕ ಪಾಠ ಎಂಥದೆಂದು ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1998ರ ಬಳಿಕ ಪಶ್ಚಿಮ ದಿಕ್ಕಿನ ಬೆಳವಣಿಗೆಗೆ ವೇಗ ಬಂತು. 2001ರಲ್ಲಿ ಹೈಟೆಕ್ ಸಿಟಿಯ ಸುತ್ತಲಿನ ಪ್ರದೇಶಕ್ಕಾಗಿ ಸೈಬರಾಬಾದ್ ಅಭಿವೃದ್ಧಿ ಪ್ರಾಧಿಕಾರ ಬೇರೆಯಾಯಿತು. 2007ರ ಏಪ್ರಿಲ್‌ನಲ್ಲಿ 12 ಪುರಸಭೆಗಳೂ 8 ಗ್ರಾಮ ಪಂಚಾಯಿತಿಗಳೂ ಸೇರಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯಾಗಿ, ಸುಮಾರು 172 ಚದರ ಕಿಲೋಮೀಟರಿನ ಪಾಲಿಕೆ ಒಮ್ಮೆಗೇ 625ಕ್ಕೆ ಹಿಗ್ಗಿತು. ಅದೇ ವರ್ಷ ಬೆಂಗಳೂರಿನಲ್ಲಿ ಬಿಬಿಎಂಪಿಯೂ ಅದೇ ರೀತಿಯಲ್ಲಿ ಹುಟ್ಟಿತು. 2008ರಲ್ಲಿ ಹುಡಾ ಮತ್ತಿತರ ಪ್ರಾಧಿಕಾರಗಳನ್ನು ಕೂಡಿಸಿ, 7,000 ಚದರ ಕಿಲೋಮೀಟರಿಗೂ ಮಿಕ್ಕಿದ ವ್ಯಾಪ್ತಿಯ ಮಹಾನಗರಾಭಿವೃದ್ಧಿ ಪ್ರಾಧಿಕಾರ, ಎಚ್‌ಎಂಡಿಎ, ಬಂತು. ಆದರೆ ನಗರದ ರೂಪವನ್ನು ನಿಜವಾಗಿ ನಿರ್ಧರಿಸಿದ್ದು ಈ ಸಂಸ್ಥೆಗಳಿಗಿಂತ ಹೆಚ್ಚಾಗಿ 158 ಕಿಲೋಮೀಟರ್ ಉದ್ದದ, ಎಂಟು ಪಥಗಳ ಹೊರವರ್ತುಲ ರಸ್ತೆ. ಆ ರಸ್ತೆಯ ಎರಡೂ ಬದಿಗೆ ಒಂದೊಂದು ಕಿಲೋಮೀಟರ್ ಅಗಲದ ಪಟ್ಟಿಯನ್ನು ಬೆಳವಣಿಗೆಯ ಕಾರಿಡಾರ್ ಎಂದು ಗುರುತಿಸಿದ ಮೇಲೆ, ರಸ್ತೆ ಹೋದಲ್ಲಿಗೆ ನಗರವೂ ಹೋಯಿತು. ರಸ್ತೆಯಾದರೋ ಏರುತಗ್ಗುಗಳನ್ನು ಕತ್ತರಿಸಿಯೇ ಸಾಗುತ್ತದೆ. ನೀರಿಗೆ ಹಾಗೆ ಸಾಗಲು ಬರುವುದಿಲ್ಲ.

ಈ ಎರಡು ತರ್ಕಗಳು ಮುಖಾಮುಖಿಯಾದದ್ದು ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಬಳಿ. 1996ರ ಮಾರ್ಚ್‌ನಲ್ಲಿ ಸರ್ಕಾರವು ಜಿ.ಒ. 111 ಎಂಬ ಆದೇಶದ ಮೂಲಕ ಈ ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗಿನ 84 ಹಳ್ಳಿಗಳಲ್ಲಿ ಮಾಲಿನ್ಯಕಾರಿ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಸಮುಚ್ಚಯಗಳನ್ನು ನಿಷೇಧಿಸಿತು. ಸುಪ್ರೀಂ ಕೋರ್ಟೂ 2000ದಲ್ಲಿ ಅಲ್ಲಿನ ಒಂದು ಕಾರ್ಖಾನೆಯ ಪ್ರಕರಣದಲ್ಲಿ ಈ ರಕ್ಷಣೆಯನ್ನು ಎತ್ತಿಹಿಡಿಯಿತು. ಆ ಹಳ್ಳಿಗಳ ರೈತರ ಸಂಕಟ ಸುಳ್ಳಲ್ಲ. ಗಂಡಿಪೇಟೆಗೆ ಹತ್ತಿರದ ಕೋಕಾಪೇಟೆಯಲ್ಲಿ ನೆಲದ ಬೆಲೆ ಏರುತ್ತ ಹೋಗಿ, 2023ರ ಆಗಸ್ಟಿನ ಎಚ್‌ಎಂಡಿಎ ಹರಾಜಿನಲ್ಲಿ ಎಕರೆಗೆ 100 ಕೋಟಿ ರೂಪಾಯಿ ದಾಟಿತು. ಗೆರೆಯ ಈಚೆ ಇರುವವರು ಕೋಟ್ಯಧಿಪತಿಗಳಾಗುವುದನ್ನು ಆಚೆ ಇರುವವರು ಜೋಳ, ತರಕಾರಿ ಬೆಳೆಯುತ್ತ ನೋಡಬೇಕಾಯಿತು. ಊರನ್ನು ಮುಳುಗದಂತೆ ಕಾಯುವ ಹೊರೆ ಹೊತ್ತವರಿಗೆ ಊರು ಏನನ್ನೂ ಕೊಡಲಿಲ್ಲ. ನಿರ್ಬಂಧದೊಡನೆ ಪರಿಹಾರವೂ ಬಂದಿದ್ದರೆ ಆ ಆದೇಶ ಉಳಿಯುತ್ತಿತ್ತೇನೋ. 2022ರ ಏಪ್ರಿಲ್‌ನಲ್ಲಿ ಜಿ.ಒ. 69ರ ಮೂಲಕ ಸರ್ಕಾರ ನಿರ್ಬಂಧಗಳನ್ನು ಸಡಿಲಿಸಿತು. ಅದಕ್ಕೆ ಕೊಟ್ಟ ಮುಖ್ಯ ಕಾರಣ, ಮಂಜೀರಾ, ಕೃಷ್ಣಾ, ಗೋದಾವರಿ ನದಿಗಳಿಂದ ನೀರು ಬರುತ್ತಿರುವಾಗ ನಗರದ ಪೂರೈಕೆಯಲ್ಲಿ ಈ ಎರಡು ಜಲಾಶಯಗಳ ಪಾಲು ನೂರಕ್ಕೆ ಎರಡರಷ್ಟೂ ಇಲ್ಲ ಎಂಬುದು. ಲೆಕ್ಕ ಸರಿ, ತೀರ್ಮಾನ ತಪ್ಪು. ಈ ಜಲಾಶಯಗಳನ್ನು ಬೇಡಿದ್ದು 1908ರ ಪ್ರವಾಹ; ಕುಡಿಯುವ ನೀರು ಅವುಗಳ ಎರಡನೆಯ ಉಪಯೋಗ. ಜಲಾನಯನ ಕಾಂಕ್ರೀಟಿನಿಂದ ಮುಚ್ಚಿದರೆ ಮಳೆಯ ನೀರು ನೆಲದಲ್ಲಿ ಇಂಗದೆ ಒಮ್ಮೆಗೇ ಜಲಾಶಯಕ್ಕೆ ನುಗ್ಗುತ್ತದೆ, ಆಗ ಗೇಟು ತೆರೆಯದೆ ಬೇರೆ ದಾರಿಯಿರುವುದಿಲ್ಲ.

ಗೇಟುಗಳ ಕೆಳಗಿನ ಸ್ಥಿತಿ ಇನ್ನೂ ಬಿಗಿಯಾಗಿದೆ. 2020ರ ಅಕ್ಟೋಬರ್ 13ರ ಮಳೆಯಲ್ಲಿ ಗಗನಪಹಾಡಿನ ಅಪ್ಪ ಚೆರುವು ಎಂಬ ಕೆರೆ ಒಡೆದು ಹೆದ್ದಾರಿಯ ಮೇಲೆ ಹರಿಯಿತು. ಕೆಲವೇ ದಿನಗಳಲ್ಲಿ ಬಾಲಾಪುರದ ಗುರ್ರಂ ಚೆರುವು ಒಡೆದು ಹಳೆಯ ನಗರದ ದಕ್ಷಿಣ ಅಂಚಿನ ಹಫೀಜ್ ಬಾಬಾ ನಗರದ ಮನೆಗಳಿಗೆ ನುಗ್ಗಿತು. 1909ರಲ್ಲಿ ವರದಿಯಾಗಿದ್ದ ಕೆರೆಗಳ ಸರಣಿಯೇ, ಈಗ ಅರ್ಧ ಮುಚ್ಚಿಹೋದ ರೂಪದಲ್ಲಿ, ತನ್ನ ಹಳೆಯ ಹಾದಿ ಹುಡುಕುತ್ತಿತ್ತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಜಲಾಶಯಗಳ ಗೇಟುಗಳನ್ನು ತೆರೆದಾಗ, ನದಿಯ ಪಾತ್ರದಲ್ಲಿಯೇ ಕಟ್ಟಿರುವ ಇಮ್ಲಿಬನ್‌ನ ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಕ್ಕೆ ನೀರು ನುಗ್ಗಿ ಪ್ರಯಾಣಿಕರು ರಾತ್ರಿಯೆಲ್ಲ ಸಿಲುಕಿಕೊಂಡರು. ಬೀದರ್, ಕಲಬುರಗಿ, ರಾಯಚೂರಿನ ಬಸ್ಸುಗಳಲ್ಲಿ ಬಂದಿಳಿಯುವ ಸಾವಿರಾರು ಕನ್ನಡಿಗರಿಗೆ ಪರಿಚಿತವಾದ ನಿಲ್ದಾಣ ಅದು. ಆ ದಿನದ ಹರಿವು 1908ರ ಅಂದಾಜಿನ ಹತ್ತರಲ್ಲಿ ಒಂದಂಶವನ್ನೂ ಮುಟ್ಟಿರಲಿಲ್ಲ.

ಸರ್ಕಾರದ ಉತ್ತರ ಎರಡು ಬಗೆಯಲ್ಲಿ ಬಂದಿದೆ. 2024ರ ಜುಲೈನಲ್ಲಿ ಕೆರೆ, ನಾಲೆಗಳ ಒತ್ತುವರಿ ತೆರವಿಗೆ ಹೈಡ್ರಾ ಎಂಬ ಸಂಸ್ಥೆ ಹುಟ್ಟಿತು. ಅದು ಅಂಬರ್‌ಪೇಟೆಯ ಬತುಕಮ್ಮಕುಂಟೆಯನ್ನು ಮತ್ತೆ ಕೆರೆಯಾಗಿಸಿದ್ದು ಮೆಚ್ಚತಕ್ಕ ಕೆಲಸ. ಅದೇ ವರ್ಷ ಮೂಸಿಯ ದಂಡೆಗಳನ್ನು ಅಭಿವೃದ್ಧಿಪಡಿಸುವ ಯೋಜನೆಗಾಗಿ ಚಾದರಘಾಟ್ ಸುತ್ತಿನ ಮೂಸಾನಗರ, ಶಂಕರನಗರಗಳಲ್ಲಿ ನದಿಪಾತ್ರದ ಮನೆಗಳ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಆರ್‌ಬಿ-ಎಕ್ಸ್ ಎಂದು ಬರೆಯಲಾಯಿತು; ಅಲ್ಲಿನವರನ್ನು ಎರಡು ಮಲಗುಕೋಣೆಯ ಸರ್ಕಾರಿ ಮನೆಗಳಿಗೆ ಕಳಿಸುವ ಕೆಲಸ ನಡೆಯಿತು. ನದಿಪಾತ್ರದಲ್ಲಿ ಮನೆಯಿರಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಡವರ ಗೋಡೆಗೆ ಬಿದ್ದ ಗುರುತು ಅದೇ ನದಿಪಾತ್ರದಲ್ಲಿರುವ ಬಸ್ ನಿಲ್ದಾಣಕ್ಕೆ ಏಕಿಲ್ಲ, ಮೇಲಿನ ಜಲಾನಯನದಲ್ಲಿ ಹೊಸ ಬಡಾವಣೆಗಳಿಗೆ ದಾರಿ ತೆರೆದು ಕೆಳಗಿನವರನ್ನು ಮಾತ್ರ ಎಬ್ಬಿಸುವುದು ಯಾವ ನ್ಯಾಯ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬೇಕು. 2025ರ ಡಿಸೆಂಬರಿನಲ್ಲಿ ಹೊರವರ್ತುಲ ರಸ್ತೆಯವರೆಗಿನ 27 ನಗರಸಭೆ, ಪುರಸಭೆಗಳು ಪಾಲಿಕೆಯಲ್ಲಿ ವಿಲೀನವಾಗಿ ಅದರ ವಿಸ್ತೀರ್ಣ ಸುಮಾರು 2,000 ಚದರ ಕಿಲೋಮೀಟರ್ ಆಯಿತು. ಗಡಿಗೆ ಆಧಾರವಾದದ್ದು ಮತ್ತೆ ರಸ್ತೆಯೇ.

ಸಂವಿಧಾನದ 74ನೆಯ ತಿದ್ದುಪಡಿಯು ಪ್ರತಿ ಮಹಾನಗರಕ್ಕೂ ಒಂದು ಯೋಜನಾ ಸಮಿತಿ ಇರಬೇಕೆಂದೂ, ಅದರ ಸದಸ್ಯರಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಸ್ಥಳೀಯ ಸಂಸ್ಥೆಗಳ ಚುನಾಯಿತ ಪ್ರತಿನಿಧಿಗಳೇ ಆರಿಸಿದವರಾಗಿರಬೇಕೆಂದೂ ಹೇಳುತ್ತದೆ. ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆ ಆ ಸಮಿತಿಯ ಕೆಲಸದಲ್ಲಿ ಸೇರಿದೆ. 1912ರ ಮಂಡಳಿಗೆ ನೆಲ ನೀರುಗಳನ್ನು ಒಟ್ಟಿಗೆ ನೋಡುವ ಅಧಿಕಾರವಿತ್ತು, ಜನಕ್ಕೆ ಉತ್ತರ ಹೇಳುವ ಹೊಣೆಯಿರಲಿಲ್ಲ. ಇಂದಿನ ಪಾಲಿಕೆಗೆ ಆ ಹೊಣೆಯಿದೆ, ಅಧಿಕಾರ ಹಂಚಿಹೋಗಿದೆ. ಎರಡನ್ನೂ ಒಂದೆಡೆ ಕೂಡಿಸಲು ಬೇಕಾದ ಚೌಕಟ್ಟು ಸಂವಿಧಾನದಲ್ಲಿಯೇ ಇರುವಾಗ, ಮುಂದಿನ ಮಹಾಯೋಜನೆಯನ್ನು ಆ ಸಮಿತಿಯ ಕೈಗೆ ಒಪ್ಪಿಸಬೇಕು. ಅದರ ಮೊದಲ ನಕ್ಷೆ ಅನಂತಗಿರಿಯಿಂದ ಕೆಳಗೆ ಉಳಿದಿರುವ ಕೆರೆಗಳ, ಅವುಗಳ ಕೋಡಿಗಳ, ನಾಲೆಗಳ ನಕ್ಷೆಯಾಗಬೇಕು. ರಸ್ತೆಯ ಗೆರೆಗಳನ್ನು ಅದರ ಮೇಲೆ ಆಮೇಲೆ ಎಳೆಯಬೇಕು.